ಸ್ವಚ್ಛ ವಾಹಿನಿಯ ಡೀಸೆಲ್ ವ್ಯವಸ್ಥೆ: ನಿರ್ವಹಣೆ ಮತ್ತು ಸುಧಾರಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬೀದಿದೀಪವೊಂದು ಕೆಟ್ಟರೆ ಆ ಬೀದಿಯವರು ಮಾತ್ರ ಪಂಚಾಯಿತಿ ಕಚೇರಿಗೆ ಬರುತ್ತಾರೆ. ಕಸದ ಗಾಡಿ ನಿಂತರೆ ಮೂರನೆಯ ದಿನಕ್ಕೆ ಇಡೀ ಊರು ಕೇಳುತ್ತದೆ. ಐದನೆಯ ದಿನಕ್ಕೆ ಕೇಳುವುದನ್ನೂ ಬಿಟ್ಟು, ಹಳೆಯ ತಿಪ್ಪೆಯ ಜಾಗಕ್ಕೋ ಕೆರೆಯ ಏರಿಗೋ ಪ್ಲಾಸ್ಟಿಕ್ ಚೀಲಗಳನ್ನು ಎಸೆಯತೊಡಗುತ್ತದೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿರೆಂದು ಮನೆಮನೆಗೆ ತಿಂಗಳುಗಟ್ಟಲೆ ಹೇಳಿ ಬೆಳೆಸಿದ ಅಭ್ಯಾಸ ಒಂದೇ ವಾರದಲ್ಲಿ ಕೆಟ್ಟುಹೋಗುತ್ತದೆ.

ಗಾಡಿ ಏಕೆ ನಿಂತಿತೆಂಬ ಪ್ರಶ್ನೆ ಸಾಮಾನ್ಯ ಸಭೆಯಲ್ಲಿ ಬಂದಾಗ ಉತ್ತರ ಬಹುತೇಕ ಒಂದೇ ದಿಕ್ಕಿಗೆ ಹೋಗುತ್ತದೆ. ಚಾಲಕಿಗೆ ಗಾಡಿ ಓಡಿಸಲು ಬರುವುದಿಲ್ಲ ಎನ್ನುವುದು ಆ ಉತ್ತರ. ಅನೇಕ ಪಂಚಾಯಿತಿಗಳಲ್ಲಿ ಸ್ವಚ್ಛ ವಾಹಿನಿಯನ್ನು ಓಡಿಸುತ್ತಿರುವವರು ಸಂಜೀವಿನಿ ಒಕ್ಕೂಟದ ಮಹಿಳೆಯರು. ಮನೆಯವರ ಆಕ್ಷೇಪ, ಊರಿನವರ ನಗು ಎರಡನ್ನೂ ದಾಟಿ ಪರವಾನಗಿ ಪಡೆದು ಬಂದವರು ಅವರು. ಇಂಜೆಕ್ಟರ್ ಕೆಟ್ಟ ದೋಷವನ್ನು ಅವರ ತಲೆಗೆ ಕಟ್ಟುವುದು ಸುಲಭ. ಆದರೆ ಡೀಸೆಲ್ ವಾಹನದ ಇಂಧನ ವ್ಯವಸ್ಥೆಯನ್ನು ಸ್ವಲ್ಪ ತಿಳಿದು ನೋಡಿದರೆ ದೋಷದ ದೊಡ್ಡ ಪಾಲು ಚಾಲಕಿಯ ಕೈಯಲ್ಲಾಗಲಿ ಮೆಕ್ಯಾನಿಕ್‌ನ ಕೈಯಲ್ಲಾಗಲಿ ಇರುವುದಿಲ್ಲ. ಪಂಚಾಯಿತಿಯು ಡೀಸೆಲನ್ನು ಹೇಗೆ ಕೊಳ್ಳುತ್ತದೆ, ಫಿಲ್ಟರಿನ ಬಿಲ್ಲಿಗೆ ಯಾವಾಗ ಮಂಜೂರಾತಿ ನೀಡುತ್ತದೆ ಎಂಬುದರಲ್ಲಿ ಅದು ಅಡಗಿರುತ್ತದೆ. ಗ್ಯಾರೇಜಿನ ವಿಷಯವನ್ನು ಸದಸ್ಯರ ಮುಂದೆ ಇಡಲು ಇದೇ ಕಾರಣ.

ಮೊದಲಿಗೆ ಡೀಸೆಲ್ ಸಾಗುವ ಹಾದಿ. ಟ್ಯಾಂಕಿನ ತಳದ ಬಳಿಯಿಂದ ಒಂದು ಕೊಳವೆ ಡೀಸೆಲನ್ನು ಎಳೆದುಕೊಳ್ಳುತ್ತದೆ. ಅಲ್ಲಿಂದ ಅದು ಫಿಲ್ಟರಿಗೆ ಬರುತ್ತದೆ. ಫಿಲ್ಟರಿನ ಕೆಳಭಾಗದಲ್ಲಿಯೇ, ಕೆಲವು ಗಾಡಿಗಳಲ್ಲಿ ಅದಕ್ಕೆ ಹೊಂದಿಕೊಂಡ ಬೇರೊಂದು ಬಟ್ಟಲಿನಲ್ಲಿ, ನೀರು ಬೇರ್ಪಡುವ ವ್ಯವಸ್ಥೆ ಇರುತ್ತದೆ. ಬಳಿಕ ಅಧಿಕ ಒತ್ತಡದ ಪಂಪು, ಅದರ ಮುಂದೆ ಕಾಮನ್ ರೈಲ್ ಎಂಬ ದಪ್ಪ ಉಕ್ಕಿನ ಕೊಳವೆ, ಅದರಿಂದ ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್. ಉಳಿದ ಡೀಸೆಲ್ ಬಿಸಿಯಾಗಿ ಮತ್ತೊಂದು ಕೊಳವೆಯ ಮೂಲಕ ಟ್ಯಾಂಕಿಗೆ ಮರಳುತ್ತದೆ. ಈ ಮರಳುವ ಡೀಸೆಲನ್ನು ನೆನಪಿನಲ್ಲಿಡಬೇಕು. ಮುಂದೆ ಅದರ ಲೆಕ್ಕ ಬರುತ್ತದೆ.

ರುಡಾಲ್ಫ್ ಡೀಸೆಲ್ ತನ್ನ ಎಂಜಿನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ. ಅಂದು ಇಂಧನವನ್ನು ಸಿಲಿಂಡರಿನೊಳಕ್ಕೆ ತಳ್ಳಲು ಒತ್ತಿದ ಗಾಳಿಯನ್ನು ಬಳಸಲಾಗುತ್ತಿತ್ತು. 1927ರಲ್ಲಿ ಜರ್ಮನಿಯ ಬಾಷ್ ಸಂಸ್ಥೆ ಯಾಂತ್ರಿಕ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಲಾರಿ, ಟ್ರ್ಯಾಕ್ಟರುಗಳಿಗೆ ಡೀಸೆಲ್ ಎಂಜಿನ್ ಒಗ್ಗಿತು. ಪಂಚಾಯಿತಿಯ ಹಳೆಯ ಟ್ರ್ಯಾಕ್ಟರಿನಲ್ಲಿ ಇರುವುದು ಇಂದಿಗೂ ಆ ವಂಶದ ಪಂಪು. ಅದು ಗಟ್ಟಿ ಜೀವ. ಸ್ವಲ್ಪ ಕೊಳೆ, ಸ್ವಲ್ಪ ನೀರು ಬಂದರೆ ಹೊಗೆಯುಗುಳಿ, ಕೆಮ್ಮಿ, ಮತ್ತೆ ಓಡುತ್ತದೆ. 1997ರಲ್ಲಿ ಕಾರುಗಳಿಗೆ ಬಂದ ಕಾಮನ್ ರೈಲ್ ವ್ಯವಸ್ಥೆ ಇಂದಿನ ಪಿಕಪ್ ಗಾಡಿಗಳಲ್ಲಿ ಇದೆ. ಇದರ ಸ್ವಭಾವವೇ ಬೇರೆ. ರೈಲಿನಲ್ಲಿ ಒತ್ತಡವು 1,600 ಬಾರ್ ಮುಟ್ಟುವುದು ಸಾಮಾನ್ಯ. ಕೆಲವು ಎಂಜಿನ್‌ಗಳಲ್ಲಿ ಇನ್ನೂ ಹೆಚ್ಚು. ಗಾಡಿಯ ಚಕ್ರಕ್ಕೆ ತುಂಬುವ ಗಾಳಿಯ ಒತ್ತಡ ಮೂರು ನಾಲ್ಕು ಬಾರ್ ಮಾತ್ರವೆಂದು ಹೋಲಿಸಿಕೊಂಡರೆ ಇದರ ಅಗಾಧತೆ ತಿಳಿಯುತ್ತದೆ. ಇಂಜೆಕ್ಟರಿನೊಳಗೆ ಸರಿಯುವ ಸೂಜಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಮರಳು ಕಾಗದದಂತೆ ಕೆಲಸ ಮಾಡುತ್ತದೆ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಎಂಜಿನ್ನಿಗೆ ಎಂಜಿನ್ ಆಯಿಲ್ ಇರುವಂತೆ ಈಗಿನ ಬಹುತೇಕ ಪಿಕಪ್‌ಗಳ ಅಧಿಕ ಒತ್ತಡದ ಪಂಪಿಗೆ ಬೇರೆ ಎಣ್ಣೆ ಇಲ್ಲ. ಅದರೊಳಗೆ ಹಾಯುವ ಡೀಸೆಲೇ ಅದಕ್ಕೆ ಜಾರೆಣ್ಣೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಮಾರಾಟವಾಗುತ್ತಿರುವ ಬಿಎಸ್6 ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಭಾಗ. ಅದಕ್ಕೂ ಮೊದಲಿನ ಬಿಎಸ್4ರಲ್ಲಿ 50 ಇತ್ತು. ಗಂಧಕ ತೆಗೆಯುವ ಪ್ರಕ್ರಿಯೆಯಲ್ಲಿ ಡೀಸೆಲಿನ ಸಹಜ ಜಾರುಗುಣವೂ ಕುಗ್ಗುವುದರಿಂದ ಸಂಸ್ಕರಣಾಗಾರದವರು ಅದಕ್ಕೆ ಬೇಕಾದ ಮಿಶ್ರಣ ಸೇರಿಸಿ ಕಳುಹಿಸುತ್ತಾರೆ. ಆ ಡೀಸೆಲಿಗೆ ಸೀಮೆಎಣ್ಣೆ ಬೆರೆತರೆ, ನೀರು ಬೆರೆತರೆ, ಅಥವಾ ಡೀಸೆಲಿನ ಬದಲು ಗಾಳಿ ಬಂದರೆ ಪಂಪು ಒಣಗಿ ಉಜ್ಜಿಕೊಳ್ಳುತ್ತದೆ. ಹಾಗೆ ಉಜ್ಜಿದ ಲೋಹದ ಪುಡಿ ರೈಲಿಗೂ, ಅಲ್ಲಿಂದ ಎಲ್ಲ ಇಂಜೆಕ್ಟರುಗಳಿಗೂ, ಮರಳುವ ಕೊಳವೆಯ ಮೂಲಕ ಟ್ಯಾಂಕಿಗೂ ಹರಡುತ್ತದೆ. ಆಗ ಒಂದು ಭಾಗ ಬದಲಿಸಿದರೆ ಸಾಲದು, ವ್ಯವಸ್ಥೆಯನ್ನೇ ಬದಲಿಸಬೇಕಾಗುತ್ತದೆ.

ಈಗ ನೀರಿನ ವಿಷಯ. ಕಾಮನ್ ರೈಲ್ ಗಾಡಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ನೀರು ಡೀಸೆಲಿಗಿಂತ ಭಾರವಾದುದರಿಂದ ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಡೀಸೆಲ್ ಎಳೆಯುವ ಕೊಳವೆಯ ಬಾಯಿಯೂ ಅಲ್ಲಿಯೇ ಇದೆ. ನೀರು ಒಳಗೆ ಬರುವ ದಾರಿಗಳು ಹಲವು. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ಹಗಲು ಸೇರಿಕೊಂಡ ತೇವದ ಗಾಳಿ ರಾತ್ರಿಯ ತಂಪಿಗೆ ಹನಿಯಾಗಿ ಒಳಗೋಡೆಯಿಂದ ಇಳಿಯುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ಪ್ರತಿ ರಾತ್ರಿಯ ಕಥೆ. ಕಸದ ಗಾಡಿಯನ್ನು ಪ್ರತಿದಿನ ತೊಳೆಯಬೇಕು. ತೊಳೆಯುವಾಗ ಒತ್ತಡದ ನೀರನ್ನು ನೇರವಾಗಿ ಟ್ಯಾಂಕಿನ ಮುಚ್ಚಳಕ್ಕೆ ಹಿಡಿದರೆ ಸವೆದ ರಬ್ಬರಿನ ಅಂಚಿನಿಂದ ನೀರು ನುಸುಳುತ್ತದೆ. ಮುಚ್ಚಳ ಕಳೆದುಹೋಗಿ ಬಟ್ಟೆಯನ್ನು ತುರುಕಿದ ಗಾಡಿಗಳೂ ಇಲ್ಲದಿಲ್ಲ. ಕಚೇರಿಯ ಹಿಂಭಾಗದಲ್ಲಿ ನಿಲ್ಲಿಸಿದ ಡ್ರಮ್ಮಿನ ತಲೆಯ ಮೇಲೆ ಮಳೆನೀರು ನಿಂತು, ಬಿರಡೆಯ ಸಂದಿನಿಂದ ಇಳಿಯುತ್ತದೆ. ಇವೆಲ್ಲಕ್ಕಿಂತ ಸಾಮಾನ್ಯವಾದುದು ಕ್ಯಾನು. ನಿನ್ನೆ ಕುಡಿಯುವ ನೀರು ತಂದ ಕ್ಯಾನಿನಲ್ಲಿ ಇಂದು ಡೀಸೆಲ್ ತಂದರೆ ತಳದ ಒಂದು ಹಿಡಿ ನೀರು ಟ್ಯಾಂಕಿಗೆ ಸೇರಿಯೇ ಸೇರುತ್ತದೆ.

ಹೀಗೆ ಬಂದ ನೀರು ಮೂರು ವಿಧದ ಹಾನಿ ಮಾಡುತ್ತದೆ. ನುಣುಪಾದ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಪಂಪಿನಲ್ಲಿ ಜಾರುಗುಣವನ್ನು ಕೆಡಿಸುತ್ತದೆ. ಇಂಜೆಕ್ಟರಿನ ತುದಿಯ ಕಾವಿಗೆ ಒಮ್ಮೆಲೆ ಆವಿಯಾಗಿ ಆ ತುದಿಯನ್ನೇ ಕೊರೆಯುತ್ತದೆ. ಬಹುಕಾಲ ನಿಂತ ಗಾಡಿಗಳಲ್ಲಿ ಮತ್ತೊಂದು ತೊಂದರೆಯಿದೆ: ನೀರು ಮತ್ತು ಡೀಸೆಲ್ ಸಂಧಿಸುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತವೆ. ಹೊಸ ಫಿಲ್ಟರ್ ಹಾಕಿದ ಹದಿನೈದು ದಿನದಲ್ಲಿಯೇ ಮತ್ತೆ ಕಟ್ಟಿಕೊಂಡರೆ, ಬಿಚ್ಚಿದಾಗ ಕಪ್ಪು ಲೋಳೆ ಕಂಡರೆ, ಮೂರನೆಯ ಫಿಲ್ಟರ್ ಕೊಳ್ಳುವ ಬದಲು ಟ್ಯಾಂಕನ್ನು ಇಳಿಸಿ ತೊಳೆಸಬೇಕು. ಚುನಾವಣಾ ನೀತಿ ಸಂಹಿತೆಯ ಕಾಲದಲ್ಲೋ ವಿಮೆ ಮುಗಿದ ಕಾರಣಕ್ಕೋ ಎರಡು ಮೂರು ತಿಂಗಳು ನಿಂತ ಗಾಡಿಯನ್ನು ಮತ್ತೆ ರಸ್ತೆಗೆ ಇಳಿಸುವ ಮೊದಲು ಈ ಪರೀಕ್ಷೆ ಅಗತ್ಯ.

ನೀರನ್ನು ಹೊರಹಾಕುವ ಕೆಲಸ ಕಷ್ಟದ್ದಲ್ಲ. ಫಿಲ್ಟರಿನ ತಳದಲ್ಲಿ ಒಂದು ತಿರುಪು ಇರುತ್ತದೆ. ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು, ರಾತ್ರಿಯೆಲ್ಲ ನೀರು ತಳದಲ್ಲಿ ಕುಳಿತಿರುವಾಗ, ಕೆಳಗೆ ಪಾರದರ್ಶಕ ಬಾಟಲಿ ಹಿಡಿದು ತಿರುಪನ್ನು ಸಡಿಲಿಸಬೇಕು. ಮೊದಲು ನೀರು ಬರುತ್ತದೆ, ಬಳಿಕ ಡೀಸೆಲ್. ಡೀಸೆಲ್ ಮಾತ್ರ ಬರತೊಡಗಿದೊಡನೆ ತಿರುಪನ್ನು ಬಿಗಿಯಬೇಕು. ಐದು ನಿಮಿಷದ ಕೆಲಸ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಮಾಡಿದರೆ ಸಾಕು. ಬಾಟಲಿಯಲ್ಲಿ ಬಂದುದನ್ನು ಚರಂಡಿಗೆ ಸುರಿಯಬಾರದು. ಕಸ ವಿಲೇವಾರಿ ಘಟಕದಲ್ಲಿ ಹಳೆಯ ಎಂಜಿನ್ ಆಯಿಲ್ ಇಡುವ ಡಬ್ಬಿಗೆ ಸೇರಿಸಬೇಕು. ಡ್ಯಾಶ್‌ಬೋರ್ಡಿನಲ್ಲಿ ನೀರಿನ ಸೂಚನೆಯ ದೀಪ ಹೊತ್ತಿದರೆ ವಾರದ ಸರದಿಗೆ ಕಾಯದೆ ಆಗಲೇ ಗಾಡಿ ನಿಲ್ಲಿಸಿ ನೀರು ಇಳಿಸಬೇಕು. ಚಾಲಕಿಗೆ ಈ ಅಧಿಕಾರ ಇದೆಯೆಂದು ಎಲ್ಲರಿಗೂ ಗೊತ್ತಿರಬೇಕು. ದೀಪ ಹೊತ್ತಿದರೂ "ಇವತ್ತೊಂದು ದಿನ ಓಡಿಸಮ್ಮ, ಜಾತ್ರೆ ಮುಗಿಯಲಿ" ಎಂದು ಹೇಳುವ ಹಿರಿಯರೊಬ್ಬರು ಪ್ರತಿ ಊರಿನಲ್ಲಿಯೂ ಇರುತ್ತಾರೆ. ಆ ಒಂದು ದಿನದ ಬೆಲೆ ನಾಲ್ಕು ಇಂಜೆಕ್ಟರ್ ಆಗಬಹುದು.

ಬಯಲುಸೀಮೆಯಲ್ಲಿ ನೀರಿನಷ್ಟೇ ಧೂಳೂ ತೊಂದರೆ ಕೊಡುತ್ತದೆ. ಡೀಸೆಲ್ ತುಂಬುವಾಗ ಮುಚ್ಚಳದ ಸುತ್ತಲಿನ ಮಣ್ಣನ್ನು ಒರೆಸದಿದ್ದರೆ ಅದು ಒಳಗೇ ಬೀಳುತ್ತದೆ. ಇದಕ್ಕೆ ಒಂದು ಒಣ ಬಟ್ಟೆ ಸಾಕು.

ಡೀಸೆಲ್ ಕೊಳ್ಳುವ ರೀತಿಯನ್ನು ಸದಸ್ಯರು ಪ್ರತ್ಯೇಕವಾಗಿ ಯೋಚಿಸಬೇಕು. ಹಣ ಬಿಡುಗಡೆಯ ತಾಪತ್ರಯದಿಂದಾಗಿ ಅನೇಕ ಕಡೆ ಗಾಡಿಗೆ ದಿನಕ್ಕೆ ಐನೂರು ರೂಪಾಯಿಯ ಡೀಸೆಲ್ ಹಾಕಿಸುವ ರೂಢಿಯಿದೆ. ದುರುಪಯೋಗ ತಡೆಯುವ ಉಪಾಯವೆಂದೂ ಇದನ್ನು ಸಮರ್ಥಿಸಲಾಗುತ್ತದೆ. ಇದರಿಂದ ಟ್ಯಾಂಕು ಸದಾ ತಳ ಕಂಡೇ ಇರುತ್ತದೆ. ತಳದ ಕೊಳೆ, ನೀರು ಎರಡೂ ಕೊಳವೆಗೆ ಹತ್ತಿರವಾಗುತ್ತವೆ. ಎಂಜಿನ್ನಿನಿಂದ ಬಿಸಿಯಾಗಿ ಮರಳಿದ ಡೀಸೆಲ್ ತಣಿಯಲು ಬೇಕಾದಷ್ಟು ಪ್ರಮಾಣ ಟ್ಯಾಂಕಿನಲ್ಲಿ ಇರುವುದಿಲ್ಲ. ಏರುಹಾದಿಯಲ್ಲಿ ಟ್ಯಾಂಕು ವಾಲಿದಾಗ ಕೊಳವೆ ಗಾಳಿ ಎಳೆದುಕೊಂಡು ಪಂಪು ಒಣಗುತ್ತದೆ. ಉಳಿಸಿದೆವೆಂದುಕೊಂಡ ಹಣ ಗ್ಯಾರೇಜಿನ ಪಾಲಾಗುವುದು ಹೀಗೆ. ಟ್ಯಾಂಕು ಕಾಲು ಭಾಗಕ್ಕಿಂತ ಕೆಳಗೆ ಇಳಿಯದಂತೆ, ಸಾಧ್ಯವಾದರೆ ಸಂಜೆ ಗಾಡಿ ನಿಲ್ಲಿಸುವ ಮೊದಲು ತುಂಬಿಸುವಂತೆ ಏರ್ಪಾಡು ಮಾಡಬೇಕು. ತುಂಬಿದ ಟ್ಯಾಂಕಿನಲ್ಲಿ ತೇವದ ಗಾಳಿಗೆ ಜಾಗವಿಲ್ಲ. ದುರುಪಯೋಗದ ಭಯಕ್ಕೆ ಬೀಗವಿರುವ ಮುಚ್ಚಳ, ಲಾಗ್ ಬುಕ್ಕು, ಪ್ರತಿ ಸಲ ಮೀಟರಿನ ಓದು ಬರೆದ ಬಂಕಿನ ರಶೀದಿ ಇವು ಪರಿಹಾರ. ಖಾಲಿ ಟ್ಯಾಂಕು ಪರಿಹಾರವಲ್ಲ.

ಒಂದೇ ನಂಬಿಕೆಯ ಬಂಕಿನಲ್ಲಿ ತಿಂಗಳ ಲೆಕ್ಕ ಇಟ್ಟುಕೊಳ್ಳುವುದು ಅನುಕೂಲ. ಬಂಕಿನಲ್ಲಿ ಆ ದಿನದ ಸಾಂದ್ರತೆಯನ್ನು ತೋರಿಸಿರಬೇಕು. ಅನುಮಾನ ಬಂದರೆ ಸಾಂದ್ರತೆ ಪರೀಕ್ಷೆ ಮಾಡಿ ತೋರಿಸೆಂದು ಕೇಳುವ ಹಕ್ಕು ಯಾವುದೇ ಗ್ರಾಹಕರಿಗಿದೆ. 15 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ ಅಂಕಿಯು ದಾಖಲೆಯ ಅಂಕಿಗಿಂತ ಘನ ಮೀಟರಿಗೆ 3 ಕಿಲೋಗ್ರಾಂ ಮೀರಿ ವ್ಯತ್ಯಾಸವಾದರೆ ಪ್ರಶ್ನಿಸಬಹುದು. ಸೀಮೆಎಣ್ಣೆ ಡೀಸೆಲಿಗಿಂತ ಹಗುರ. ಬೆರಕೆಯಾದರೆ ಸಾಂದ್ರತೆ ಇಳಿಯುತ್ತದೆ. ಅಳತೆಯ ಬಗ್ಗೆ ಸಂಶಯವಿದ್ದರೆ ಮುದ್ರೆಯುಳ್ಳ ಐದು ಲೀಟರ್ ಅಳತೆಪಾತ್ರೆಯಲ್ಲಿ ತುಂಬಿಸಿ ತೋರಿಸಲು ಕೇಳಬಹುದು. ಇವೆಲ್ಲ ಜಗಳದ ಮಾತಲ್ಲ; ಕೇಳುವ ಗ್ರಾಹಕರಿರುವ ಬಂಕು ತಾನಾಗಿಯೇ ಸರಿಯಾಗಿರುತ್ತದೆ.

ಹೆದ್ದಾರಿ ಬದಿಯಲ್ಲಿ ಜೈವಿಕ ಡೀಸೆಲ್ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಮಾರುವ ಎಣ್ಣೆಯ ಬಗ್ಗೆ ಎಚ್ಚರ ಬೇಕು. ಜೈವಿಕ ಇಂಧನ ಕೆಟ್ಟದ್ದೆಂದು ಇದರ ಅರ್ಥವಲ್ಲ. ಹಾಸನ ಜಿಲ್ಲೆಯ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಹೊಂಗೆ ಮೊದಲಾದ ಬೀಜಗಳ ಎಣ್ಣೆಯನ್ನು ಕುರಿತು ನಡೆದ ಕೆಲಸ ರಾಜ್ಯಕ್ಕೇ ಹೆಮ್ಮೆಯದು. ಆದರೆ ಹೊಂಗೆ ಎಣ್ಣೆಯನ್ನು ರಾಸಾಯನಿಕವಾಗಿ ಸಂಸ್ಕರಿಸಿ ಮಾನಕಕ್ಕೆ ಒಪ್ಪುವಂತೆ ಮಾಡಿದ ಜೈವಿಕ ಡೀಸೆಲ್ ಬೇರೆ, ಗಾಣದಿಂದ ನೇರವಾಗಿ ತಂದ ಎಣ್ಣೆ ಬೇರೆ, ಇವೆರಡೂ ಅಲ್ಲದ ಅಜ್ಞಾತ ದ್ರವ ಬೇರೆ. ಹಸಿ ಎಣ್ಣೆ ಮಂದವಾದುದು. ನಿಧಾನವಾಗಿ ಓಡುವ ಹಳೆಯ ಪಂಪ್‌ಸೆಟ್ಟಿನ ಎಂಜಿನ್ ಅದನ್ನು ಹೇಗೋ ಸಹಿಸಿಕೊಂಡೀತು, ಕಾಮನ್ ರೈಲ್ ಇಂಜೆಕ್ಟರ್ ಸಹಿಸದು. ಸಂಸ್ಕರಿಸಿದ ಜೈವಿಕ ಡೀಸೆಲ್ ಕೂಡ ಸಾಮಾನ್ಯ ಡೀಸೆಲಿಗಿಂತ ಹೆಚ್ಚು ನೀರನ್ನು ಹೀರಿಕೊಳ್ಳುತ್ತದೆ. ತಯಾರಕರ ಕೈಪಿಡಿಯಲ್ಲಿ ಹೇಳಿದ ಪ್ರಮಾಣ ಮೀರಿ ಬಳಸಿದರೆ ವಾರಂಟಿ ಉಳಿಯುವುದಿಲ್ಲ.

ಫಿಲ್ಟರ್ ಬದಲಿಸುವ ಅವಧಿಯನ್ನು ಕೈಪಿಡಿಯಲ್ಲಿ ಕಿಲೋಮೀಟರಿನಲ್ಲಿ ಕೊಟ್ಟಿರುತ್ತಾರೆ. ಸರಕು ಸಾಗಿಸುವ ಪಿಕಪ್‌ಗೆ ಆ ಲೆಕ್ಕ ಸರಿ. ಕಸದ ಗಾಡಿಗೆ ಅದು ಹೊಂದುವುದಿಲ್ಲ. ದಿನಕ್ಕೆ 25 ಕಿಲೋಮೀಟರ್ ಮಾತ್ರ ಓಡಿದರೂ ಮನೆಮನೆಯ ಮುಂದೆ ನಿಂತು ನಿಂತು ಸಾಗುವುದರಿಂದ ಎಂಜಿನ್ ಐದಾರು ಗಂಟೆ ಚಾಲೂ ಇರುತ್ತದೆ. ಉರಿಯುವ ಡೀಸೆಲ್ ಸ್ವಲ್ಪವೇ ಆದರೂ ಪಂಪಿಗೆ ಹೋಗಿ ಟ್ಯಾಂಕಿಗೆ ಮರಳುವ ಡೀಸೆಲೂ ಫಿಲ್ಟರಿನ ಮೂಲಕವೇ ಹಾದುಹೋಗಿರುತ್ತದೆ. ಮೀಟರಿನಲ್ಲಿ 10,000 ಕಿಲೋಮೀಟರ್ ಆಗಲು ಹೀಗೆ 400 ದಿನ ಬೇಕು. ಅಷ್ಟರಲ್ಲಿ ಎಂಜಿನ್ ಎರಡು ಸಾವಿರ ಗಂಟೆ ಮೀರಿ ಓಡಿರುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 50 ಕಿಲೋಮೀಟರಿನಂತೆ ಓಡಿದ ಗಾಡಿಗೆ ಅಷ್ಟು ಗಂಟೆಗೆ ಒಂದು ಲಕ್ಷ ಕಿಲೋಮೀಟರ್ ಆಗಿರುತ್ತಿತ್ತು. ಆದುದರಿಂದ ಲಾಗ್ ಬುಕ್ಕಿನಲ್ಲಿ ಕಿಲೋಮೀಟರಿನ ಪಕ್ಕ ಎಂಜಿನ್ ಓಡಿದ ಗಂಟೆಗೂ ಒಂದು ಕಲಂ ಇರಬೇಕು. ಕೈಪಿಡಿಯಲ್ಲಿ ಗಂಟೆಯ ಲೆಕ್ಕ ಇಲ್ಲದಿದ್ದರೆ ವರ್ಷಕ್ಕೆ ಎರಡು ಸಲ, ಮಳೆಗಾಲದ ಮೊದಲು ಮತ್ತು ಮಳೆಗಾಲ ಮುಗಿದ ಮೇಲೆ, ಡೀಸೆಲ್ ಫಿಲ್ಟರ್ ಬದಲಿಸುವುದು ಕ್ಷೇಮ.

ಫಿಲ್ಟರಿನ ಬೆಲೆ ಗಾಡಿಯನ್ನು ಅವಲಂಬಿಸಿ ಕೆಲವು ನೂರರಿಂದ ಸಾವಿರದ ಮೇಲೆ ಸ್ವಲ್ಪ. ಒಂದು ಇಂಜೆಕ್ಟರಿನ ಬೆಲೆ ಹತ್ತು ಸಾವಿರ ದಾಟುವುದು ಸಾಮಾನ್ಯ. ಅಗ್ಗದ ನಕಲಿ ಫಿಲ್ಟರಿನಲ್ಲಿ ಕಾಗದದ ಮಡಿಕೆಗಳು ವಿರಳ, ಅಂಟು ದುರ್ಬಲ, ನೀರು ಬೇರ್ಪಡಿಸುವ ಪದರ ಹೆಸರಿಗಷ್ಟೇ. ಕೊಟೇಶನ್‌ನಲ್ಲಿ ಕನಿಷ್ಠ ದರಕ್ಕೆ ಒಪ್ಪಿಗೆ ನೀಡುವಾಗ ಭಾಗದ ಸಂಖ್ಯೆಯನ್ನು ನಮೂದಿಸಿ ಕೇಳಬೇಕು. ಬರೇ 'ಡೀಸೆಲ್ ಫಿಲ್ಟರ್ 1' ಎಂದು ಬರೆದರೆ ಬರುವುದು ಅತಿ ಅಗ್ಗದ್ದೇ. ಹಳೆಯ ಫಿಲ್ಟರನ್ನು ಡೀಸೆಲಿನಲ್ಲಿ ತೊಳೆದು ಗಾಳಿ ಹೊಡೆದು ಮತ್ತೆ ಹಾಕುವುದು ಉಳಿತಾಯವಲ್ಲ; ಕಾಗದ ಹರಿದ ಫಿಲ್ಟರ್ ಇಲ್ಲದ ಫಿಲ್ಟರಿಗೆ ಸಮ. ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು ಜೋಡಿಸುವ ಹಳೆಯ ಪದ್ಧತಿಯೂ ಕಾಮನ್ ರೈಲ್ ಗಾಡಿಗೆ ಸಲ್ಲದು. ಸೋಸದ ಡೀಸೆಲ್ ಸ್ವಚ್ಛ ಬದಿಗೆ ಸೇರಿ ನೇರವಾಗಿ ಪಂಪಿಗೆ ಹೋಗುತ್ತದೆ. ಕೈಪಂಪನ್ನು ಒತ್ತಿಯೋ, ಗಾಡಿಯಲ್ಲಿ ವಿದ್ಯುತ್ ಪಂಪಿದ್ದರೆ ಕೀಲಿಯನ್ನು ನಾಲ್ಕಾರು ಸಲ ಆನ್ ಮಾಡಿಯೋ ಡೀಸೆಲ್ ಎಳೆಸಿ ಗಾಳಿ ತೆಗೆಯಬೇಕು.

ಈ ಸಂದರ್ಭದಲ್ಲಿ ಜೀವಕ್ಕೆ ಸಂಬಂಧಿಸಿದ ಒಂದು ಮಾತು. ಹಳೆಯ ಟ್ರ್ಯಾಕ್ಟರಿನಲ್ಲಿ ಏರ್ ಹಿಡಿದಾಗ ಇಂಜೆಕ್ಟರಿನ ಕೊಳವೆಯ ನಟ್ಟನ್ನು ಸಡಿಲಿಸಿ, ಎಂಜಿನ್ ತಿರುಗಿಸಿ, ಗಾಳಿ ತೆಗೆಯುವುದನ್ನು ಎಲ್ಲರೂ ನೋಡಿದ್ದಾರೆ. ಅದೇ ಕೈಚಳಕವನ್ನು ಕಾಮನ್ ರೈಲ್ ಗಾಡಿಯಲ್ಲಿ ತೋರಿಸಿದರೆ ಸಾವಿರ ಬಾರ್ ಮೀರಿದ ಒತ್ತಡದ ಡೀಸೆಲ್ ಎಳೆಯಷ್ಟು ತೆಳ್ಳಗೆ ಚಿಮ್ಮಿ ಚರ್ಮವನ್ನು ತೂರಿ ಒಳಕ್ಕೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಂಥ ಗುರುತು ಮಾತ್ರ. ನೋವೂ ಆರಂಭದಲ್ಲಿ ಹೆಚ್ಚಿರುವುದಿಲ್ಲ. ಒಳಗೆ ಅಂಗಾಂಶ ಕೊಳೆಯತೊಡಗಿ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಪ್ರಸಂಗ ಬರುತ್ತದೆ. ಆದುದರಿಂದ ಎಂಜಿನ್ ಚಾಲೂ ಇರುವಾಗ ಉಕ್ಕಿನ ಕೊಳವೆಗಳ ಯಾವ ನಟ್ಟನ್ನೂ ಮುಟ್ಟಬಾರದು. ಸೋರಿಕೆ ಎಲ್ಲಿದೆಯೆಂದು ಬೆರಳಾಡಿಸಿ ನೋಡಬಾರದು. ಎಂಜಿನ್ ನಿಲ್ಲಿಸಿ ಕೈಪಿಡಿ ಹೇಳುವಷ್ಟು ಹೊತ್ತು ಕಾದ ಮೇಲೆಯೇ ಕೆಲಸ. ಅಂಥ ಪೆಟ್ಟು ಬಿದ್ದರೆ ಅರಿಸಿನ ಹಚ್ಚಿ ಕೂರದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಆಗಲೇ ಕರೆದೊಯ್ದು, ಒತ್ತಡದ ಡೀಸೆಲ್ ಒಳಹೊಕ್ಕಿದೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು.

ಇಂಜೆಕ್ಟರ್ ಕೆಟ್ಟಿದೆಯೆಂಬ ವರದಿ ಪಂಚಾಯಿತಿಗೆ ಬಂದಾಗ ಸದಸ್ಯರು ಕೇಳಬೇಕಾದ ಪ್ರಶ್ನೆಗಳಿವೆ. ಬೆಳಿಗ್ಗೆ ಚಾಲೂ ಆಗಲು ತಡ, ನಿಂತಲ್ಲೇ ಅದುರಾಟ, ಕಪ್ಪು ಹೊಗೆ, ಬಿಳಿ ಹೊಗೆ, ಬಡಿತದ ಸದ್ದು ಇವು ಇಂಜೆಕ್ಟರ್ ಕೆಟ್ಟ ಲಕ್ಷಣಗಳೂ ಹೌದು, ಬೇರೆ ದೋಷಗಳ ಲಕ್ಷಣಗಳೂ ಹೌದು. ಕಪ್ಪು ಹೊಗೆ ಗಾಳಿಯ ಫಿಲ್ಟರ್ ಕಟ್ಟಿದರೂ ಬರುತ್ತದೆ. ಕಸದ ಗಾಡಿ ಓಡುವ ಧೂಳಿನಲ್ಲಿ ಇದು ಬಹಳ ಸಾಮಾನ್ಯ. ಚಾಲೂ ಆಗದಿರುವುದಕ್ಕೆ ಮತ್ತೊಂದು ಕಾರಣ ಧ್ವನಿವರ್ಧಕ. ಎಂಜಿನ್ ನಿಲ್ಲಿಸಿ ಗಂಟೆಗಟ್ಟಲೆ ಜಾಗೃತಿ ಗೀತೆ ಹಾಕಿದರೆ ಬ್ಯಾಟರಿ ಇಳಿಯುತ್ತದೆ. ರೈಲಿನಲ್ಲಿ ಸುಮಾರು 200 ಬಾರ್ ಒತ್ತಡ ಏರುವವರೆಗೆ ಇಂಜೆಕ್ಟರ್ ತೆರೆಯುವುದೇ ಇಲ್ಲ. ನಿಧಾನವಾಗಿ ತಿರುಗುವ ಎಂಜಿನ್ ಆ ಒತ್ತಡ ಕಟ್ಟಲಾರದು. ಬ್ಯಾಟರಿಯ ದೋಷವನ್ನು ಇಂಜೆಕ್ಟರಿನ ದೋಷವೆಂದು ಬಗೆದು ಸಾವಿರಾರು ರೂಪಾಯಿ ಸುರಿದರೆ ಆಶ್ಚರ್ಯವಿಲ್ಲ.

ಹಾಗಾಗಿ ನಾಲ್ಕೂ ಇಂಜೆಕ್ಟರ್ ಬದಲಿಸಬೇಕೆಂಬ ಅಂದಾಜು ಬಂದಾಗ ಮಂಜೂರಾತಿಗೆ ಮೊದಲು ಮೂರು ದಾಖಲೆ ಕೇಳಬೇಕು. ಕಂಪ್ಯೂಟರ್ ತಪಾಸಣೆಯಲ್ಲಿ ಕಂಡ ದೋಷದ ಸಂಕೇತಗಳ ಪ್ರತಿ ಒಂದು. ಮರಳು ಡೀಸೆಲ್ ಪರೀಕ್ಷೆಯ ಫಲಿತಾಂಶ ಇನ್ನೊಂದು: ಪ್ರತಿ ಇಂಜೆಕ್ಟರಿಗೂ ಒಂದೊಂದು ಅಳತೆಯ ಬಾಟಲಿ ಕಟ್ಟಿ, ಎಂಜಿನ್ ಓಡಿಸಿ, ಯಾವುದರಿಂದ ಹೆಚ್ಚು ಡೀಸೆಲ್ ಹಿಂದಕ್ಕೆ ಬಂದಿದೆಯೆಂದು ನೋಡುವ ಸರಳ ಪರೀಕ್ಷೆ ಇದು. ಅನೇಕ ಸಲ ಒಂದೇ ಇಂಜೆಕ್ಟರ್ ಕೆಟ್ಟಿರುತ್ತದೆ. ಮೂರನೆಯದು ಪರೀಕ್ಷಾ ಬೆಂಚಿನ ವರದಿ. ಬದಲಿಸಿದ ಹಳೆಯ ಭಾಗಗಳನ್ನು ಪಂಚಾಯಿತಿಗೆ ಮರಳಿಸಬೇಕೆಂಬ ಷರತ್ತು ಕಾರ್ಯಾದೇಶದಲ್ಲಿಯೇ ಇರಲಿ. ಅನೇಕ ಎಂಜಿನ್‌ಗಳಲ್ಲಿ ಹೊಸ ಇಂಜೆಕ್ಟರಿನ ಮೇಲೆ ಕೊರೆದ ಸಂಕೇತವನ್ನು ಗಾಡಿಯ ಗಣಕಕ್ಕೆ ನಮೂದಿಸಬೇಕಾಗುತ್ತದೆ; ಅದನ್ನು ಮಾಡದೆ ಬಿಟ್ಟರೆ ಹೊಸದೂ ಹಳೆಯದರಂತೆ ಅದುರುತ್ತದೆ. ಇಂಜೆಕ್ಟರ್ ಕೆಡಲು ಕಾರಣವಾದ ನೀರನ್ನೋ ಕೊಳೆಯನ್ನೋ ಟ್ಯಾಂಕಿನಿಂದ ತೆಗೆದಿದ್ದಾರೆಯೇ ಎಂಬುದನ್ನು ಕೊನೆಗೆ ಕೇಳಬೇಕು. ತೆಗೆಯದಿದ್ದರೆ ಆರು ತಿಂಗಳಲ್ಲಿ ಅದೇ ಬಿಲ್ಲು ಮತ್ತೆ ಬರುತ್ತದೆ.

ಸುಧಾರಣೆ ಎಂಬ ಹೆಸರಿನಲ್ಲಿ ಬರುವ ಸಲಹೆಗಳಲ್ಲಿ ಕೆಲವು ಒಳ್ಳೆಯವು, ಕೆಲವು ಅಪಾಯಕಾರಿ. ಟ್ಯಾಂಕಿಗೂ ಮೂಲ ಫಿಲ್ಟರಿಗೂ ನಡುವೆ, ತಳದಲ್ಲಿ ಪಾರದರ್ಶಕ ಬಟ್ಟಲಿರುವ ಹೆಚ್ಚುವರಿ ನೀರು ಬೇರ್ಪಡಿಸುವ ಫಿಲ್ಟರನ್ನು ಜೋಡಿಸುವುದು ಒಳ್ಳೆಯ ಸುಧಾರಣೆ. ನೀರು ಸೇರಿದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ, ದೀಪಕ್ಕೆ ಕಾಯಬೇಕಿಲ್ಲ. ಆದರೆ ಎಂಜಿನ್ನಿನ ಹರಿವಿಗೆ ತಕ್ಕ ಅಳತೆಯದನ್ನು ಆರಿಸಬೇಕು. ಸಣ್ಣದನ್ನು ಹಾಕಿದರೆ ಪಂಪಿಗೆ ಉಸಿರು ಕಟ್ಟುತ್ತದೆ. ಜೋಡಣೆ ಸಡಿಲವಾದರೆ ಗಾಳಿ ಎಳೆಯುತ್ತದೆ. ಡೀಸೆಲಿಗೆಂದೇ ಮಾಡಿದ ಕೊಳವೆಯನ್ನು ಬಳಸಬೇಕು, ತೋಟದ ಪೈಪನ್ನಲ್ಲ. ವಾರಂಟಿ ಅವಧಿಯಲ್ಲಿದ್ದರೆ ಅಧಿಕೃತ ಸೇವಾ ಕೇಂದ್ರದ ಲಿಖಿತ ಒಪ್ಪಿಗೆಯಿಲ್ಲದೆ ಕೈಹಾಕಬಾರದು.

ಶಕ್ತಿ ಹೆಚ್ಚುತ್ತದೆ, ಮೈಲೇಜ್ ಹೆಚ್ಚುತ್ತದೆ ಎಂದು ಮಾರುವ ಚಿಪ್ಪುಗಳು ಕಸದ ಗಾಡಿಗೆ ಬೇಡ. ಅವು ಒತ್ತಡವನ್ನೋ ಇಂಧನದ ಪ್ರಮಾಣವನ್ನೋ ಏರಿಸಿ ಎಂಜಿನ್ನಿನ ಆಯುಷ್ಯವನ್ನು ತಿನ್ನುತ್ತವೆ. ಹೊಗೆ ಸೋಸುವ ಡಿಪಿಎಫ್ ಭಾಗವನ್ನು ಕಿತ್ತುಹಾಕಿದರೆ ತೊಂದರೆ ತಪ್ಪುತ್ತದೆಂಬ ಸಲಹೆಯೂ ಕೇಳಿಬರುತ್ತದೆ. ಸರಕಾರಿ ವಾಹನದ ಮಾಲಿನ್ಯ ನಿಯಂತ್ರಣ ಸಾಧನವನ್ನು ಕೀಳುವುದು ಕಾನೂನು ಬಾಹಿರ. ಆದರೆ ಆ ತೊಂದರೆ ನಿಜ. ನಿಧಾನವಾಗಿ ಓಡುವ ಗಾಡಿಯ ಹೊಗೆನಳಿಗೆ ಮಸಿಯನ್ನು ಸುಡುವಷ್ಟು ಕಾಯುವುದಿಲ್ಲ. ಆಗ ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸಿ ಕಾವು ಏರಿಸಲು ಯತ್ನಿಸುತ್ತದೆ. ಅದು ಅರ್ಧಕ್ಕೆ ನಿಂತರೆ ಆ ಡೀಸೆಲಿನ ಒಂದು ಭಾಗ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಇದಕ್ಕೆ ಮದ್ದು, ದೀಪ ಸೂಚಿಸಿದಾಗ ಕೈಪಿಡಿಯಲ್ಲಿ ಹೇಳಿದಂತೆ ಗಾಡಿಯನ್ನು ಹೆದ್ದಾರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸುವುದು. ಖಾಲಿ ಗಾಡಿಯನ್ನು ಚಾಲಕಿ ಹೆದ್ದಾರಿಗೆ ಒಯ್ದಳೆಂದು ದೂರು ಬರುವುದು ಖಂಡಿತ. ಆ ಓಟವನ್ನು ಲಾಗ್ ಬುಕ್ಕಿನಲ್ಲಿ ಕಾರಣಸಹಿತ ಬರೆಯುವ ಪದ್ಧತಿಯನ್ನು ಪಂಚಾಯಿತಿಯೇ ಮೊದಲು ಒಪ್ಪಿ ನಡವಳಿಯಲ್ಲಿ ದಾಖಲಿಸಿದರೆ ಆ ಹೆಣ್ಣುಮಗಳು ಉತ್ತರ ಕೊಡುತ್ತಾ ನಿಲ್ಲಬೇಕಾಗುವುದಿಲ್ಲ.

ಕೆಲವು ಗಾಡಿಗಳಲ್ಲಿ ಯೂರಿಯಾ ದ್ರಾವಣಕ್ಕೆ ಬೇರೆ ಟ್ಯಾಂಕು, ಸಾಮಾನ್ಯವಾಗಿ ನೀಲಿ ಮುಚ್ಚಳದ್ದು, ಇರುತ್ತದೆ. ಆ ದ್ರಾವಣ ತಪ್ಪಿ ಡೀಸೆಲ್ ಟ್ಯಾಂಕಿಗೆ ಬಿದ್ದರೆ, ಅಥವಾ ಬಂಕಿನಲ್ಲಿ ಡೀಸೆಲಿನ ಬದಲು ಪೆಟ್ರೋಲ್ ತುಂಬಿದರೆ, ಕೀಲಿಯನ್ನೇ ತಿರುಗಿಸಬಾರದು. ಗಾಡಿಯನ್ನು ತಳ್ಳಿ ಬದಿಗೆ ನಿಲ್ಲಿಸಿ ಟ್ಯಾಂಕು ಖಾಲಿ ಮಾಡಿಸಿದರೆ ನಷ್ಟ ಒಂದು ಟ್ಯಾಂಕು ಡೀಸೆಲ್. ಚಾಲೂ ಮಾಡಿದರೆ ಪಂಪಿನಿಂದ ಇಂಜೆಕ್ಟರಿನವರೆಗೆ ಎಲ್ಲವೂ.

ಹಣದ ವಿಷಯಕ್ಕೆ ಬಂದರೆ, 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇಕಡ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾದ ನಿರ್ಬಂಧಿತ ಅನುದಾನವಾಗಿತ್ತು. ಅನುದಾನ ಯಾವುದೇ ಇರಲಿ, ಸ್ವಂತ ಸಂಪನ್ಮೂಲವೇ ಇರಲಿ, ವರ್ಷದ ಕ್ರಿಯಾ ಯೋಜನೆಯಲ್ಲಿ 'ವಾಹನ ದುರಸ್ತಿ' ಎಂಬ ಒಂದೇ ಸಾಲು ಬರೆಯುವುದರಿಂದ ಮುಂಜಾಗ್ರತೆಗೆ ಹಣ ಉಳಿಯುವುದಿಲ್ಲ. ಕೆಟ್ಟ ಮೇಲೆಯೇ ಅದನ್ನು ಬಳಸಲಾಗುತ್ತದೆ. ಡೀಸೆಲ್ ಫಿಲ್ಟರ್, ಗಾಳಿ ಫಿಲ್ಟರ್, ಎಂಜಿನ್ ಆಯಿಲ್ ಇವುಗಳಿಗೆ 'ನಿಯತ ನಿರ್ವಹಣೆ' ಎಂದು ಪ್ರತ್ಯೇಕ ಸಾಲಿರಬೇಕು. ಲಾಗ್ ಬುಕ್ಕಿನ ಗಂಟೆ ಅಥವಾ ದಿನಾಂಕ ಬಂದೊಡನೆ ಮುಂದಿನ ಸಾಮಾನ್ಯ ಸಭೆಗೆ ಕಾಯದೆ ಅದನ್ನು ವೆಚ್ಚ ಮಾಡಿ, ಬಳಿಕ ಸಭೆಯ ಗಮನಕ್ಕೆ ತರುವಂತೆ ಆರ್ಥಿಕ ವರ್ಷದ ಮೊದಲ ಸಭೆಯಲ್ಲಿಯೇ ಠರಾವು ಮಾಡಿಕೊಳ್ಳಬಹುದು. ಎಂಟು ನೂರು ರೂಪಾಯಿಯ ಫಿಲ್ಟರಿನ ಕಡತ ಆರು ವಾರ ಮೇಜಿನ ಮೇಲೆ ಕುಳಿತಿದ್ದರೆ ಗಾಡಿ ಆ ಆರು ವಾರವೂ ಕೊಳೆತ ಫಿಲ್ಟರಿನಲ್ಲಿಯೇ ಓಡುತ್ತಿರುತ್ತದೆ. ಒಕ್ಕೂಟದೊಂದಿಗೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಡೀಸೆಲ್, ಫಿಲ್ಟರ್, ದೊಡ್ಡ ದುರಸ್ತಿ ಇವುಗಳಲ್ಲಿ ಯಾವುದು ಯಾರ ಹೊಣೆಯೆಂದು ಬೇರೆ ಬೇರೆಯಾಗಿ ಬರೆದಿರಬೇಕು. ಬರೆಯದ ಕಡೆ ಅದು ಯಾರ ಹೊಣೆಯೂ ಆಗಿರುವುದಿಲ್ಲ.

ಪಂಚಾಯಿತಿಗೆ ಮರಳಿದ ಮೇಲೆ ಸದಸ್ಯರು ಈ ವಾರವೇ ಮಾಡಬಹುದಾದ ಕೆಲಸವೊಂದಿದೆ. ಬೆಳಿಗ್ಗೆ ಗಾಡಿ ಹೊರಡುವ ಮೊದಲು ಚಾಲಕಿಯೊಂದಿಗೆ ನಿಂತು ಫಿಲ್ಟರಿನ ತಿರುಪನ್ನು ಬಿಚ್ಚಿಸಿ, ಬಾಟಲಿಯಲ್ಲಿ ಬಂದ ನೀರೆಷ್ಟು ಎಂದು ನೋಡಬೇಕು. ಟ್ಯಾಂಕಿನ ಮುಚ್ಚಳದ ರಬ್ಬರನ್ನು ಮುಟ್ಟಿ ನೋಡಬೇಕು. ಫಿಲ್ಟರ್ ಕೊನೆಯ ಬಾರಿ ಬದಲಾದ ದಿನಾಂಕವನ್ನು ಲಾಗ್ ಬುಕ್ಕಿನಲ್ಲಿ ಹುಡುಕಬೇಕು. ಸಿಗದಿದ್ದರೆ ಬದಲಾಗಿಲ್ಲವೆಂದೇ ತಿಳಿಯಬೇಕು. ಗಾಡಿಯ ಭಾಗ ಸಂಖ್ಯೆಗೆ ಒಪ್ಪುವ ಒಂದು ಡೀಸೆಲ್ ಫಿಲ್ಟರನ್ನು ಮುಂಚಿತವಾಗಿ ಕೊಂಡು, ದಾಸ್ತಾನು ವಹಿಯಲ್ಲಿ ನಮೂದಿಸಿ, ಕಚೇರಿಯ ಬೀರುವಿನಲ್ಲಿ ಇಡಬೇಕು. ಬೀರುವಿನ ಕೀಲಿ ಎಲ್ಲಿದೆಯೆಂದು ಚಾಲಕಿಗೂ ತಿಳಿದಿರಲಿ.